ಇಪ್ಪತ್ತೊಂದು ಸಲ ಸೂಜಿ ಚುಚ್ಚಿಸಿಕೊಂಡ ಮೇಲೆ

ಹೋದ ವಾರ ನನ್ನ ಫೈಲನ್ನು ಕಪಾಟಿನ ಮೇಲಿನ ಅರೆಯಲ್ಲಿ ಎತ್ತಿಟ್ಟೆ. ಒಂದೂವರೆ ವರ್ಷ ಅದು ನನ್ನ ಬ್ಯಾಗ್ ಬಿಟ್ಟು ಇಳಿದಿರಲಿಲ್ಲ. ಮಗು ಆಗಲಿ ಅಂತ ಅಕ್ಯುಪಂಕ್ಚರ್ ಮಾಡಿಸಿಕೊಂಡರೆ ಉಪಯೋಗ ಇದೆಯಾ ಅಂತ ಈಗ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಆಗುವುದಿಲ್ಲ. ಆದ್ದರಿಂದ ಆದದ್ದನ್ನೆಲ್ಲ ಬರೆದೇಬಿಡೋಣ ಅಂದುಕೊಂಡೆ. ನಾನು ಡಾಕ್ಟರಲ್ಲ. ಸೂಜಿ ಚುಚ್ಚಿಸಿಕೊಂಡವಳು, ಅಷ್ಟೇ.

ಆಗ ನನಗೆ 33 ವರ್ಷ. ಪ್ರಯತ್ನ ಶುರುಮಾಡಿ ಹದಿನಾಲ್ಕು ತಿಂಗಳಾಗಿತ್ತು. ಒಂದು ವರ್ಷ ಪ್ರಯತ್ನಪಟ್ಟರೂ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು, 35 ದಾಟಿದ್ದರೆ ಆರೇ ತಿಂಗಳಿಗೆ ಹೋಗಬೇಕು ಅನ್ನುತ್ತಾರೆ. ನಾವೂ ಹೋದೆವು. ರಕ್ತ ಪರೀಕ್ಷೆಗಳಾದವು: ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್, ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ಎಎಂಎಚ್. ಸ್ಕ್ಯಾನ್ ಆಯಿತು. ಇವರ ವೀರ್ಯ ಪರೀಕ್ಷೆಯೂ ಆಯಿತು. ಎಲ್ಲ ಸರಿಯಾಗಿತ್ತು. ಉಳಿದದ್ದು ಒಂದೇ, ಎಚ್‌ಎಸ್‌ಜಿ. ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು, ಅದು ಟ್ಯೂಬುಗಳ (ಅಂಡನಾಳಗಳ) ಮೂಲಕ ಹರಿಯುತ್ತದೆಯಾ ಅಂತ ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ. ತುಂಬಾ ನೋವು ಅಂತ ಯಾರೋ ಹೇಳಿದ್ದರು. ಮುಂದಿನ ತಿಂಗಳು ಮಾಡಿಸಿದರಾಯಿತು ಅಂದೆ. ಆ ಮುಂದಿನ ತಿಂಗಳು ಬರಲು ಐದು ತಿಂಗಳು ಹಿಡಿಯಿತು. ಇಡೀ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ಆ ಐದು ತಿಂಗಳಲ್ಲಿ ನಡೆದದ್ದು ಸೂಜಿ.

ಗೆಳತಿಯೊಬ್ಬಳು ಬೆನ್ನುನೋವಿಗೆ ಹೋಗುತ್ತಿದ್ದ ಜಾಗ ಅದು. ಇದಕ್ಕೂ ಕೊಡುತ್ತಾರಂತೆ ಅಂದಳು. ಮೊದಲ ದಿನ ಒಂದು ಗಂಟೆ ಬರೀ ಮಾತುಕತೆ. ಮುಟ್ಟಿನ ಬಣ್ಣ ಹೇಗಿರುತ್ತದೆ, ಗಂಟುಗಂಟಾಗಿ ಹೋಗುತ್ತದಾ, ಕಾಲು ತಣ್ಣಗಿರುತ್ತದಾ, ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತದೆ. ನಾಲಿಗೆ ಚಾಚಿಸಿ ನೋಡಿದರು. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ಹಿಡಿದರು. ಅದುವರೆಗೆ ಯಾವ ಡಾಕ್ಟರೂ ನನ್ನ ಜೊತೆ ಅಷ್ಟು ಹೊತ್ತು ಕೂತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಅಲ್ಲೇ ಅರ್ಧ ಸೋತುಹೋಗಿದ್ದೆ. ಕೊನೆಗೆ ಅವರು ಹೇಳಿದ್ದು: "ನಿಮ್ಮ ಗರ್ಭಕೋಶ ತಂಪಾಗಿದೆ." ಇದು ಚೀನೀ ವೈದ್ಯದ ಮಾತು, ಥರ್ಮಾಮೀಟರಿನ ಮಾತಲ್ಲ ಅಂತ ಆಮೇಲೆ ತಿಳಿಯಿತು. ಆವತ್ತು ಮಾತ್ರ ಮನೆಗೆ ಬಂದು ಹೊಟ್ಟೆ ಮೇಲೆ ಕೈಯಿಟ್ಟು ನೋಡಿಕೊಂಡೆ. ಬೆಚ್ಚಗೇ ಇತ್ತು.

ಆ ಕೋಣೆಯ ಗೋಡೆಯಲ್ಲಿ ಫ್ರೇಮ್ ಹಾಕಿದ ಒಂದು ಹಾಳೆ ಇತ್ತು. 2002ರಲ್ಲಿ ಜರ್ಮನಿಯಲ್ಲಿ 160 ಹೆಂಗಸರ ಮೇಲೆ ನಡೆದ ಅಧ್ಯಯನ. ಐವಿಎಫ್‌ನಲ್ಲಿ, ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆಯಲ್ಲಿ, ಭ್ರೂಣ ಇಡುವ ಮೊದಲು ಮತ್ತು ಆಮೇಲೆ 25 ನಿಮಿಷ ಸೂಜಿ ಹಾಕಿದವರಲ್ಲಿ ಶೇ. 42.5 ಮಂದಿ ಗರ್ಭಿಣಿಯರಾದರು, ಹಾಕದವರಲ್ಲಿ ಶೇ. 26.3. ನಾನು ಮಲಗುತ್ತಿದ್ದ ಮಂಚದಿಂದ ಆ ಎರಡು ಅಂಕಿ ನೇರ ಕಣ್ಣಿಗೆ ಬೀಳುತ್ತಿದ್ದವು. ನಾಲ್ಕು ತಿಂಗಳು ಅದನ್ನೇ ನೋಡುತ್ತ ಮಲಗಿದ್ದೇನೆ.

ಹನ್ನೆರಡು ಸಲಕ್ಕೆ ಒಂದು ಪ್ಯಾಕೇಜ್. ಮೊದಲೇ ಕಟ್ಟಿದರೆ ಕಡಿಮೆ. ಕಟ್ಟಿದೆ. ನೀವು ಕಟ್ಟುವ ಮೊದಲು ಒಂದು ಮಾತು ಕೇಳಿ: ನಡುವೆ ನಿಲ್ಲಿಸಿದರೆ ಉಳಿದ ದುಡ್ಡು ವಾಪಸ್ ಬರುತ್ತದಾ? ಇದನ್ನು ಬರೆಸಿಕೊಳ್ಳಿ. ನಾನು ಕೇಳಲಿಲ್ಲ. ನನ್ನ ವಿಮೆಯಲ್ಲಿ ಇದು ಬರುವುದಿಲ್ಲ ಅನ್ನುವುದೂ ಬಿಲ್ ಕಳಿಸಿದ ಮೇಲೇ ಗೊತ್ತಾಯಿತು.

ಸೂಜಿಯ ಬಗ್ಗೆ ಭಯ ಇರುವವರಿಗೆ: ಇದು ಇಂಜೆಕ್ಷನ್ ಸೂಜಿ ಥರ ಅಲ್ಲ. ಒಳಗೆ ತೂತು ಇಲ್ಲ, ಕೂದಲಿಗಿಂತ ಸ್ವಲ್ಪ ದಪ್ಪ. ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು ಮೇಲಿಂದ ಬೆರಳಲ್ಲಿ ತಟ್ಟುತ್ತಾರೆ. ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ಸ್ವಲ್ಪ ತಿರುಗಿಸುತ್ತಾರಲ್ಲ, ಆಗ ಒಂದು ಥರ ಭಾರ, ಜೋಮು, ಒಳಗಿಂದ ಹಿಂಡಿದ ಹಾಗೆ. ಅದು ಬಂದರೆ ಒಳ್ಳೆಯದು ಅನ್ನುತ್ತಾರೆ. ನನಗೆ ಹಾಕುತ್ತಿದ್ದದ್ದು ಒಳಗಣಕಾಲಿನ ಮೂಳೆಯಿಂದ ನಾಲ್ಕು ಬೆರಳು ಮೇಲೆ, ಮೊಣಕಾಲಿನ ಕೆಳಗೆ ಹೊರಬದಿಗೆ, ಹೊಕ್ಕುಳಿನ ಕೆಳಗೆ, ಹೆಬ್ಬೆರಳು ತೋರುಬೆರಳಿನ ನಡುವೆ, ಮತ್ತೆ ನಡುನೆತ್ತಿಗೆ ಒಂದು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲಾಡಬಾರದು. ಮೂರನೇ ಸಲ ಕಾಲ್ಬೆರಳು ಆಡಿಸಿ ನೋಡಿದೆ. ಮೊಣಕಾಲಿನವರೆಗೂ ಝುಂ ಅಂತ ಎಳೆಯಿತು. ಮತ್ತೆ ಆ ಸಾಹಸ ಮಾಡಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ತಿರುಗುತ್ತದೆ. ಮೊಣಕಾಲಿನ ಮೇಲಕ್ಕೆ ಸರಿಸಲು ಬರುವ ಸಡಿಲ ಬಟ್ಟೆ ಹಾಕಿ. ಸೂಜಿ ಪ್ಯಾಕೆಟ್ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದು ಡಬ್ಬಕ್ಕೆ ಹೋಗಬೇಕು. ತೊಳೆದು ಮತ್ತೆ ಬಳಸುತ್ತಾರೆ ಅಂತ ಅನುಮಾನ ಬಂದರೂ ಎದ್ದು ಬನ್ನಿ. ಹೆಪಟೈಟಿಸ್‌ನಂಥ ಸೋಂಕು ಹಾಗೆ ಹರಡಿದ್ದಿದೆ. ಇನ್ನೊಂದು, ಸೂಜಿ ಎಣಿಸಿಕೊಳ್ಳಿ. ನಗಬೇಡಿ. ಏಳನೇ ಸಲ ಮನೆಗೆ ಬಂದು ತಲೆ ಬಾಚುವಾಗ ಬಾಚಣಿಗೆಗೆ ಏನೋ ತಾಗಿತು. ನಡುನೆತ್ತಿಯ ಸೂಜಿ ಅಲ್ಲೇ ಇತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಅದನ್ನು ಹೊತ್ತುಕೊಂಡೇ ಬಂದಿದ್ದೆ. ಫೋನ್ ಮಾಡಿದರೆ ಆ ಕಡೆಯಿಂದ, "ಅಯ್ಯೋ, ಎಳೆದುಬಿಡಿ, ಏನೂ ಆಗಲ್ಲ." ಏನೂ ಆಗಲಿಲ್ಲ. ಆದರೆ ಮುಂದಿನ ವಾರದಿಂದ ಹಾಕುವಾಗಲೂ ತೆಗೆಯುವಾಗಲೂ ಜೋರಾಗಿ ಎಣಿಸಲು ಶುರುಮಾಡಿದೆ.

ಲಾಭವೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನಿದ್ದೆ ಬಂತು. ಮುಟ್ಟಿನ ಮೊದಲ ದಿನದ ನೋವು ಕಡಿಮೆ ಆಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿಲ್ಲದೆ, ಯಾರೂ "ಏನಾದರೂ ವಿಶೇಷಾನಾ" ಅಂತ ಕೇಳದ ಕೋಣೆಯಲ್ಲಿ ಮಲಗುವುದೇ ಒಂದು ಚಿಕಿತ್ಸೆ ಥರ ಇತ್ತು. ಆದರೆ ಈ ಹಿತವೇ ನನ್ನನ್ನು ಕಟ್ಟಿಹಾಕಿತು. ಏನೋ ಮಾಡುತ್ತಿದ್ದೇನಲ್ಲ ಅನ್ನುವ ಸಮಾಧಾನ. ಎಚ್‌ಎಸ್‌ಜಿ ಬಗ್ಗೆ ಕೇಳಿದಾಗ ಥೆರಪಿಸ್ಟ್, "ಮೂರು ತಿಂಗಳು ನೋಡೋಣ, ಮೊಟ್ಟೆ ಬೆಳೆಯೋಕೆ ಅಷ್ಟು ಬೇಕು" ಅಂದರು. ಮೊಟ್ಟೆಯ ವಿಷಯ ತಪ್ಪೇನಲ್ಲ, ಅಂಡಾಣು ಪಕ್ವವಾಗುವ ಕೊನೆಯ ಹಂತಗಳಿಗೆ ಸುಮಾರು ಮೂರು ತಿಂಗಳು ಬೇಕಂತೆ. ಆದರೆ ಆ ಮೊಟ್ಟೆ ಬರುವ ದಾರಿ ತೆರೆದಿದೆಯಾ ಅಂತ ಯಾರೂ ನೋಡಿರಲಿಲ್ಲ. ಅವರು ನೋಡಲಿಲ್ಲ, ನಾನೂ ನೋಡಿಸಲಿಲ್ಲ.

ಮೂರು ತಿಂಗಳು ನಾಲ್ಕಾಯಿತು. ಎರಡನೇ ಪ್ಯಾಕೇಜ್ ಕಟ್ಟಿದೆ. ಹದಿನೈದನೇ ಸಲ ಮುಗಿಸಿ ಬಂದ ಮಾರನೇ ದಿನ ಮುಟ್ಟಾದೆ. ಅವತ್ತು ಇವರು ಮೆತ್ತಗೆ, "ಆ ಒಂದು ಟೆಸ್ಟ್ ಮಾಡಿಸಿಬಿಡೋಣ್ವಾ?" ಅಂದರು. ಸಿಟ್ಟು ಬಂತು. ಅವರು ಹೇಳಿದ್ದು ಸರಿ ಅನ್ನುವುದಕ್ಕೇ ಬಂತು ಅಂತ ಕಾಣುತ್ತದೆ.

ಎಚ್‌ಎಸ್‌ಜಿ ಮಾಡುವುದು ಮುಟ್ಟು ನಿಂತ ಮೇಲೆ, ಮೊಟ್ಟೆ ಬಿಡುಗಡೆ ಆಗುವ ಮೊದಲು. ಸಿಗುವುದು ನಾಲ್ಕೈದು ದಿನ. ಆದ್ದರಿಂದ ಮುಟ್ಟಾದ ಮೊದಲ ದಿನವೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಇನ್ನೊಂದು ತಿಂಗಳು ಹೋಯಿತು ಅಂತಲೇ. ಒಂದು ಗಂಟೆ ಮೊದಲು ನೋವಿನ ಮಾತ್ರೆ ಕೊಟ್ಟರು. ಜೋರು ಮುಟ್ಟಿನ ನೋವಿನ ಹಾಗೆ ಎರಡು ಮೂರು ನಿಮಿಷ. ಇದಕ್ಕಾ ನಾನು ಐದು ತಿಂಗಳು ಹೆದರಿದ್ದು ಅನ್ನಿಸಿತು. ಎಲ್ಲರಿಗೂ ಹೀಗೇ ಅಂತ ಹೇಳಲಾರೆ, ಪಕ್ಕದ ಮಂಚದವರು ಅಳುತ್ತಿದ್ದರು.

ಪರದೆಯ ಮೇಲೆ ಬಲಗಡೆ ಬಣ್ಣ ಬುಡದಲ್ಲೇ ನಿಂತುಬಿಟ್ಟಿತು. ಎಡಗಡೆ ಸ್ವಲ್ಪ ಮುಂದೆ ಹೋಗಿ ಚೀಲದ ಹಾಗೆ ಉಬ್ಬಿ ನಿಂತಿತು. ಹೊರಗೆ ಒಂದು ಹನಿಯೂ ಬರಲಿಲ್ಲ. ಎರಡೂ ಟ್ಯೂಬ್ ಬಂದ್. ಎಡಗಡೆಯದರಲ್ಲಿ ನೀರು ತುಂಬಿದೆ, ಹೈಡ್ರೋಸಾಲ್ಪಿಂಕ್ಸ್ ಅಂದರು. ಹಳೆಯ ಸೋಂಕು ಯಾವುದೋ ಸದ್ದಿಲ್ಲದೆ ಬಂದು ಹೋಗಿರಬಹುದು. ಮೊದಲಿನ ಸ್ಕ್ಯಾನ್‌ನಲ್ಲಿ ಅದು ಕಂಡಿರಲಿಲ್ಲ, ಎಷ್ಟೋ ಸಲ ಕಾಣುವುದಿಲ್ಲವಂತೆ.

ನಾನು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, ಸೂಜಿಯಿಂದ ಇದು ಬಿಡಿಸಿಕೊಳ್ಳುತ್ತದಾ ಅಂತ. ಅವರು ನಗಲಿಲ್ಲ. ಅದಕ್ಕೆ ಅವರ ಬಗ್ಗೆ ಈಗಲೂ ಗೌರವ ಇದೆ. "ಕಟ್ಟಿಕೊಂಡ ಪೈಪಿಗೆ ಹೊರಗಿಂದ ಎಷ್ಟು ಒತ್ತಿದರೂ ಅಷ್ಟೇ ಅಲ್ವಾ" ಅಂದರು. ಆ ನೀರು ಗರ್ಭಕೋಶಕ್ಕೆ ಇಳಿದರೆ ಐವಿಎಫ್‌ನಲ್ಲಿ ಇಟ್ಟ ಭ್ರೂಣ ನಿಲ್ಲುವ ಅವಕಾಶವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಆದ್ದರಿಂದ ಮೊದಲು ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್) ಮಾಡಿ ಆ ಟ್ಯೂಬ್ ತೆಗೆಯಬೇಕು, ಆಮೇಲೆ ಐವಿಎಫ್.

ಹದಿನೈದು ಸಲ ಮಲಗಿ ಎದ್ದದ್ದೆಲ್ಲ ಕಣ್ಣಮುಂದೆ ಬಂತು. ಮನೆಗೆ ಬಂದು ಅವತ್ತು ಯಾರ ಹತ್ತಿರವೂ ಮಾತಾಡಲಿಲ್ಲ.

ಗೋಡೆಯ ಮೇಲಿನ ಹಾಳೆಯ ಬಗ್ಗೆ ಓದಲು ಶುರುಮಾಡಿದ್ದು ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದ ಹದಿನೈದು ದಿನಗಳಲ್ಲಿ. 2002ರ ಆ ಅಧ್ಯಯನ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಗುಂಪಿಗೆ ಸೂಜಿ, ಇನ್ನೊಂದಕ್ಕೆ ಏನೂ ಇಲ್ಲ. ಯಾರಿಗೆ ಸಿಕ್ಕಿತು ಯಾರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆಮೇಲಿನ ಅಧ್ಯಯನಗಳಲ್ಲಿ ಹುಸಿ ಸೂಜಿ ಬಳಸಿದರು. ತಟ್ಟಿದರೆ ಚರ್ಮ ತೂರದೆ ತನ್ನ ಹಿಡಿಯೊಳಗೇ ಸರಿದುಕೊಳ್ಳುವ ಸೂಜಿ, ನಾಟಕದ ಚಾಕುವಿನ ಹಾಗೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 848 ಹೆಂಗಸರಿಗೆ ಕೆಲವರಿಗೆ ನಿಜವಾದದ್ದು, ಕೆಲವರಿಗೆ ಹುಸಿ ಸೂಜಿ ಹಾಕಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟಿದ್ದು ನಿಜವಾದ ಸೂಜಿಯವರಲ್ಲಿ ಶೇ. 18.3, ಹುಸಿಯವರಲ್ಲಿ ಶೇ. 17.8. ಎರಡಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬೇಕು. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮೊಟ್ಟೆ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಇರುವವರ ಮೇಲೆ ಚೀನಾದಲ್ಲೇ 1000 ಹೆಂಗಸರ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಗಿದೆ. ಅಲ್ಲಿಯೂ ಮೊಟ್ಟೆ ಬಿಡುಗಡೆ ಮಾಡಿಸುವ ಕ್ಲೋಮಿಫೀನ್ ಮಾತ್ರೆ ಕೆಲಸ ಮಾಡಿತು, ಸೂಜಿ ಸೇರಿಸಿದ್ದರಿಂದ ಹೆಚ್ಚಿಗೆ ಮಕ್ಕಳೇನೂ ಹುಟ್ಟಲಿಲ್ಲ. ಈ ಎರಡು ಹಾಳೆಗಳಿಗೆ ಯಾರೂ ಫ್ರೇಮ್ ಹಾಕಿಸಿರಲಿಲ್ಲ.

ಇಷ್ಟು ಓದಿದ ಮೇಲೂ ನಾನು ಮತ್ತೆ ಹೋದೆ. ಇದು ನನ್ನ ತಂಗಿಗೆ ಇವತ್ತಿಗೂ ಅರ್ಥ ಆಗಿಲ್ಲ. ಕಾರಣ ಸರಳ: ದುಡ್ಡು ಕಟ್ಟಿಯಾಗಿತ್ತು, ನಿದ್ದೆ ಹೋಗಿತ್ತು. ಈ ಸಲ ಮಗು ಕೊಡಿ ಅಂತ ಕೇಳಲಿಲ್ಲ, ನಿದ್ದೆ ಕೊಡಿ ಅಂತ ಹೇಳಿದೆ. ಅಷ್ಟು ಮಾತ್ರ ಕೇಳಿದರೆ ಸೂಜಿ ಮೋಸ ಮಾಡುವುದಿಲ್ಲ ಅನ್ನುವುದು ನನ್ನ ಅನುಭವ.

ಐವಿಎಫ್ ಡಾಕ್ಟರಿಗೆ ಹೇಳಿಯೇ ಹೋದೆ. ನೀವೂ ಹೇಳಿ, ಮುಚ್ಚಿಡಬೇಡಿ. ಅವರು ಎರಡು ಷರತ್ತು ಹಾಕಿದರು. ಒಂದು, ಥೆರಪಿಸ್ಟ್ ಕೊಟ್ಟಿದ್ದ ಗಿಡಮೂಲಿಕೆ ಪುಡಿ ನಿಲ್ಲಿಸಬೇಕು. ಅದರೊಳಗೆ ಏನಿದೆ ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ, ಹಾರ್ಮೋನ್ ಇಂಜೆಕ್ಷನ್ ಜೊತೆ ಅದು ಏನು ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಎರಡು, ಅಂಡಾಶಯ ಊದಿಕೊಂಡಿರುವಾಗ ಹೊಟ್ಟೆಯ ಮೇಲೆ ಸೂಜಿ ಬೇಡ. ರಕ್ತ ತೆಳ್ಳಗಾಗಿಸುವ ಹೆಪಾರಿನ್ ತೆಗೆದುಕೊಳ್ಳುವವರು ಅದನ್ನೂ ಸೂಜಿ ಹಾಕುವವರಿಗೆ ತಿಳಿಸಬೇಕು, ಇಲ್ಲದಿದ್ದರೆ ಮೈಯೆಲ್ಲ ನೀಲಿ ಕಲೆ.

ಕಾಗದಪತ್ರದ ಗೋಳು ಬೇರೆ. ಆಪರೇಷನ್ ಆಗಿ ಎರಡು ತಿಂಗಳು ಕಾದು ಐವಿಎಫ್ ಶುರುಮಾಡೋಣ ಅಂತ ಹೋದರೆ, ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಹಳೆಯದಾಯಿತು, ಹೊಸದು ಬೇಕು ಅಂದರು. ಇಬ್ಬರದೂ. ಅದಕ್ಕೆ ಒಂದು ವಾರ, ಅಷ್ಟರಲ್ಲಿ ಇಂಜೆಕ್ಷನ್ ಶುರುಮಾಡಬೇಕಿದ್ದ ಮುಟ್ಟಿನ ಎರಡನೇ ದಿನ ತಪ್ಪಿತು, ಮತ್ತೆ ಒಂದು ತಿಂಗಳು. ರಿಪೋರ್ಟುಗಳ ಮೇಲೆ ತಾರೀಕು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಎಲ್ಲವನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಪ್ಪಿಗೆ ಪತ್ರಗಳನ್ನು ಹಿಂದಿನ ದಿನವೇ ಮನೆಗೆ ಕೇಳಿ ತಂದು ಓದಿ. ಉಳಿದ ಭ್ರೂಣಗಳನ್ನು ಎಷ್ಟು ಕಾಲ ಇಡಬೇಕು, ಇಬ್ಬರಲ್ಲಿ ಒಬ್ಬರು ಇಲ್ಲವಾದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗಳಿಗೆ ಕೌಂಟರಿನಲ್ಲಿ ನಿಂತು ಉತ್ತರ ಬರೆಯಲು ಆಗುವುದಿಲ್ಲ.

ಹತ್ತು ದಿನ ಇಂಜೆಕ್ಷನ್, ಕೊನೆಯದು ಸರಿಯಾಗಿ ರಾತ್ರಿ ಹೇಳಿದ ಹೊತ್ತಿಗೆ, ಅದಾಗಿ 36 ಗಂಟೆಗೆ ಅಂಡಾಣು ತೆಗೆಯುವುದು. ಹನ್ನೊಂದು ಸಿಕ್ಕವು. ಎಂಟು ಬಲಿತಿದ್ದವು. ಆರು ಫಲಿತವಾದವು. ಐದನೇ ದಿನಕ್ಕೆ ಉಳಿದದ್ದು ಮೂರು. ಈ ಇಳಿಯುವ ಲೆಕ್ಕಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಬಹಳ ಜನಕ್ಕೆ ಹೀಗೇ ಇಳಿಯುತ್ತದೆ. ಮೂರನ್ನೂ ಫ್ರೀಜ್ ಮಾಡಿದರು. ಈ ದಿನಗಳಲ್ಲಿ ಮೂರು ಸಲ ಸೂಜಿಗೆ ಹೋಗಿದ್ದೆ. ಇಂಜೆಕ್ಷನ್ ಕಲೆಗಳ ಹೊಟ್ಟೆ ನೋಡಿ ಥೆರಪಿಸ್ಟ್ ಏನೂ ಹೇಳದೆ ಬರೀ ಕಾಲಿಗೆ, ನೆತ್ತಿಗೆ ಹಾಕಿದರು. ಅವತ್ತಿನ ನಿದ್ದೆ ನೆನೆಸಿಕೊಂಡರೆ ಈಗಲೂ ಹಿತ.

ಮೊದಲ ಭ್ರೂಣ ಇಡುವ ದಿನಕ್ಕೆ ಮಾತ್ರ ನಾನು ಮತ್ತೆ ಗೋಡೆಯ ಹಾಳೆಗೆ ಬಿದ್ದೆ. ಓದಿದ್ದೆಲ್ಲ ಮರೆತೆ. ಮೊದಲು 25 ನಿಮಿಷ, ಆಮೇಲೆ 25 ನಿಮಿಷ, ಹಾಗೇ ಆಗಬೇಕು ಅಂತ ಹಠ ಹಿಡಿದೆ. ಆಸ್ಪತ್ರೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ ಅಂದರು. ಸರಿ, ಮೊದಲು ಥೆರಪಿಸ್ಟ್ ಹತ್ತಿರ, ಅಲ್ಲಿಂದ ಆಸ್ಪತ್ರೆಗೆ, ಮತ್ತೆ ಥೆರಪಿಸ್ಟ್ ಹತ್ತಿರ. ಮರೆತದ್ದು ಒಂದೇ. ಭ್ರೂಣ ಇಡುವಾಗ ಮೂತ್ರಕೋಶ ತುಂಬಿರಬೇಕು, ಸ್ಕ್ಯಾನ್‌ನಲ್ಲಿ ಗರ್ಭಕೋಶ ಸರಿಯಾಗಿ ಕಾಣಲಿ ಅಂತ. ಹೇಳಿದ ಹೊತ್ತಿಗೆ ನೀರು ಕುಡಿದು ಹೋಗಿ ಸೂಜಿಗೆ ಮಲಗಿದೆ. ಹತ್ತೇ ನಿಮಿಷಕ್ಕೆ ಶುರುವಾಯಿತು. ಮೈಗೆ ಹದಿಮೂರು ಸೂಜಿ, ಏಳುವ ಹಾಗಿಲ್ಲ, ಏಳದೆ ಇರುವ ಹಾಗೂ ಇಲ್ಲ. ಆರಾಮಾಗಿ ಉಸಿರು ಬಿಡಿ ಅಂತ ಅವರು ಹೇಳಿದಾಗ ಅಳು, ನಗು ಎರಡೂ ಬಂತು. ಅಲ್ಲಿಂದ ಟ್ರಾಫಿಕ್ಕಿನಲ್ಲಿ ಆಸ್ಪತ್ರೆಗೆ. ರಸ್ತೆಯ ಪ್ರತಿ ಉಬ್ಬಿಗೂ ಇವರು ನನ್ನ ಮುಖ ನೋಡುತ್ತಿದ್ದರು. ಒತ್ತಡ ಕಡಿಮೆ ಮಾಡುವ ಚಿಕಿತ್ಸೆ ಅಂತ ಹೋದದ್ದು! ಆ ಇಡೀ ವರ್ಷದಲ್ಲಿ ನಾನು ಅಷ್ಟು ಒತ್ತಡದಲ್ಲಿ ಇದ್ದ ದಿನ ಇನ್ನೊಂದಿಲ್ಲ.

ಆಮೇಲೆ ಹನ್ನೆರಡು ದಿನ ಕಾಯುವುದು. ಗರ್ಭ ನಿಲ್ಲಲಿ ಅಂತ ಕೊಡುವ ಪ್ರೊಜೆಸ್ಟರಾನ್ ಔಷಧದಿಂದಲೇ ಎದೆ ಬಿಗಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ನಿದ್ದೆ ಎಳೆಯುತ್ತದೆ. ಎಲ್ಲ ಗರ್ಭಿಣಿಯ ಲಕ್ಷಣವೇ. ಅದನ್ನು ನಂಬಬೇಡಿ ಅಂದರೂ ನೀವು ನಂಬುತ್ತೀರಿ, ನಾನೂ ನಂಬಿದೆ. ಬೀಟಾ ಎಚ್‌ಸಿಜಿ, ಅಂದರೆ ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆಯ ರಿಪೋರ್ಟ್ ಮಧ್ಯಾಹ್ನ ಬಂತು. ನೆಗೆಟಿವ್.

ಥೆರಪಿಸ್ಟಿಗೆ ಹೇಳಿದಾಗ, "ಅವತ್ತು ನೀವು ತುಂಬಾ ಟೆನ್ಷನ್‌ನಲ್ಲಿ ಬಂದಿದ್ದಿರಿ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೊತ್ತು. ಆದರೂ ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. ಗರ್ಭ ನಿಂತರೆ ಸೂಜಿಯಿಂದ, ನಿಲ್ಲದಿದ್ದರೆ ನನ್ನಿಂದ. ಇಂಥ ಲೆಕ್ಕ ಯಾರು ಹೇಳಿದರೂ ಒಪ್ಪಿಕೊಳ್ಳಬೇಡಿ. ಡಾಕ್ಟರ್ ಹೇಳಿದ್ದು ಬೇರೆ: ನೋಡಲು ಚೆನ್ನಾಗಿರುವ ಭ್ರೂಣಗಳಲ್ಲೂ ಎಷ್ಟೋ ಕ್ರೋಮೋಸೋಮ್ ದೋಷದಿಂದ ನಿಲ್ಲುವುದಿಲ್ಲ, ನೀವು ಮಲಗಿದ್ದರೂ ಓಡಿದ್ದರೂ ಅಷ್ಟೇ.

ಒಂದು ತಿಂಗಳು ಬಿಟ್ಟು ಎರಡನೆಯದು. ಒಂದು ವಾರ ಮೊದಲು ಒಮ್ಮೆ ಸೂಜಿಗೆ ಹೋಗಿ ಮಲಗಿ ಬಂದೆ. ಆ ದಿನ ಎಲ್ಲಿಗೂ ಹೋಗಲಿಲ್ಲ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಈ ಸಲ ನಿಂತಿತು. ಈಗ ಹದಿನಾರನೇ ವಾರ.

ಇದನ್ನು ಕೇಳಿದವರು ಎರಡು ಪಂಗಡ ಆಗುತ್ತಾರೆ. ಮೊದಲೇ ಅಷ್ಟು ಸೂಜಿ ಹಾಕಿಸಿಕೊಂಡಿದ್ದಕ್ಕೆ ಈಗ ಫಲ ಸಿಕ್ಕಿತು ಅನ್ನುವವರು ಒಂದು. ನೋಡು, ಅವತ್ತು ಸೂಜಿ ಬಿಟ್ಟಿದ್ದಕ್ಕೇ ಆಯಿತು ಅನ್ನುವವರು ಇನ್ನೊಂದು. ಒಬ್ಬಳ ಎರಡು ಪ್ರಯತ್ನದಿಂದ ಇಬ್ಬರೂ ಏನನ್ನೂ ಸಾಬೀತು ಮಾಡಲಾರರು. ನನಗೆ ಗೊತ್ತಿರುವುದು ಇಷ್ಟು: ಟ್ಯೂಬ್ ಕಟ್ಟಿತ್ತು, ಅದನ್ನು ಕಂಡುಹಿಡಿದದ್ದು ಎಕ್ಸ್‌ರೇ.

ಹಾಗಾಗಿ ನೀವು ಸೂಜಿಗೆ ಹೋಗುವವರಾದರೆ ಹೋಗಿ, ಆದರೆ ಇಬ್ಬರ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೋಗಿ. ಪರೀಕ್ಷೆ ಆಮೇಲೆ ನೋಡೋಣ ಅನ್ನುವವರ ಹತ್ತಿರ ಹೋಗಬೇಡಿ. ವಯಸ್ಸು 35 ದಾಟಿದ್ದರೆ ಅಂತೂ ಒಂದು ತಿಂಗಳನ್ನೂ ಯಾರ ಕೈಗೂ ಸುಮ್ನೆ ಕೊಡಬೇಡಿ. ಗರ್ಭ ನಿಂತಿರಬಹುದು ಅನ್ನುವ ದಿನಗಳಲ್ಲಿ ಹೋಗುವುದಾದರೆ ಮೊದಲೇ ತಿಳಿಸಿ. ಕೈಯ ಹೆಬ್ಬೆರಳಿನ ಬಳಿಯ ಜಾಗ, ಒಳಗಣಕಾಲಿನ ಮೇಲಿನ ಜಾಗ ಇವನ್ನು ಬಸುರಿಯರಿಗೆ ಹಾಕಬಾರದು ಅಂತ ಅವರ ಪದ್ಧತಿಯಲ್ಲೇ ಇದೆ. ಖರ್ಚಿನ ವಿಷಯ: ನನ್ನ ಒಟ್ಟು ಖರ್ಚಿನಲ್ಲಿ ಸೂಜಿಯದು ಹತ್ತರಲ್ಲಿ ಒಂದು ಪಾಲೂ ಇಲ್ಲ. ದುಬಾರಿ ಆದದ್ದು ತಿಂಗಳುಗಳು.

ಎರಡು ಪ್ಯಾಕೇಜಿನ ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಮುಗಿದಿತ್ತು. ಮೂರು ಉಳಿದವು. ದುಡ್ಡು ವಾಪಸ್ ಇಲ್ಲ, ಬೇರೆಯವರಿಗೆ ಬಿಟ್ಟುಕೊಡಬಹುದು ಅಂದರು. ಇವರಿಗೆ ಕುತ್ತಿಗೆ ನೋವಿತ್ತು, ಕಳಿಸಿದೆ. ಹೊರಗೆ ಕೂತಿದ್ದ ನನಗೆ ಗೊರಕೆ ಕೇಳಿಸುತ್ತಿತ್ತು. ಎಲ್ಲ ಮುಗಿಸಿ ಹೊರಗೆ ಬಂದಾಗ ಬಗ್ಗಿಸಿ ನೆತ್ತಿ ನೋಡಿದೆ. ಇರಲಿಲ್ಲ.